ಊದುವ ಸರದಿ ಸೊಸೆಯದು

ಸಾಲಗುಂದದಲ್ಲಿ ಬಸ್ಸಿಳಿಯುವ ಹೊತ್ತಿಗೇ ಭಾರತಿಗೆ ಅರ್ಧ ಸುಸ್ತಾಗಿತ್ತು. ಹೆಗಲ ಮೇಲೆ ತೂಕದ ಯಂತ್ರ, ಕೈಯಲ್ಲಿ ಬಿಪಿ ನೋಡುವ ಪೆಟ್ಟಿಗೆ, ಎದೆಗವಚಿಕೊಂಡ ಚೀಲದಲ್ಲಿ ಉಸಿರಿನ ಬಲ ಅಳೆಯುವ, ಊದುವ ಯಂತ್ರ. ಬಸ್ಸಿನಲ್ಲಿ ಅದರ ಮೇಲೆ ಯಾರೋ ಮೆಣಸಿನಕಾಯಿ ಗಂಟು ಇಟ್ಟಿದ್ದರು. ತೆಗೆಯಿರಿ ಎಂದರೆ, "ಏನ್ ಬಂಗಾರ ಐತೇನವ್ವ ಅದರಾಗ?" ಎಂದು ಕೇಳಿದ್ದರು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಜನರಿಗೆ ಹೃದಯದ ಕಾಯಿಲೆ, ಉಬ್ಬಸದ ಕಾಯಿಲೆ ಯಾಕೆ ಬರುತ್ತವೆ ಎಂದು ತಿಳಿಯುವ ಸಮೀಕ್ಷೆ ಅದು. ನರ್ಸಿಂಗ್ ಓದಿದ್ದ ಭಾರತಿ ಸಿಂಧನೂರಿನ ಖಾಸಗಿ ದವಾಖಾನೆಯ ರಾತ್ರಿ ಪಾಳಿ ಸಾಕಾಗಿ ಈ ಕೆಲಸಕ್ಕೆ ಸೇರಿದ್ದಳು. ಈಗ ಅನಿಸುತ್ತಿತ್ತು, ದವಾಖಾನೆಯಲ್ಲಿ ರೋಗಿಗಳಾದರೂ ಹೇಳಿದ ಮಾತು ಕೇಳುತ್ತಿದ್ದರು ಎಂದು. ಇಲ್ಲಿ ಮನೆಮನೆಯಲ್ಲೂ ಒಂದೇ ತಕರಾರು: ಬರೀ ಕೇಳುತ್ತೀರಿ, ಗುಳಿಗೆ ಯಾಕೆ ಕೊಡುವುದಿಲ್ಲ? ಎತ್ತರ ಅಳೆದರೆ ಪೆನ್ಷನ್ ಬರುತ್ತದೇನು? ತೂಕ ಮಾಡಿದರೆ ರೇಷನ್ ಕಾರ್ಡ್ ತೆಗೆದುಹಾಕುತ್ತಾರೇನು?

ಆ ದಿನದ ಮೊದಲ ಮನೆ ತಿಮ್ಮವ್ವನದು. ತಿಮ್ಮವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ದವಡೆಯಲ್ಲಿ ತಂಬಾಕಿನ ಕಡ್ಡಿಪುಡಿ ಇಟ್ಟುಕೊಂಡು, ಓಣಿಗೆಲ್ಲ ಕೇಳುವಂತೆ ಕೆಮ್ಮುತ್ತಿದ್ದಳು. ಭಾರತಿಯ ಪೆಟ್ಟಿಗೆಗಳನ್ನು ನೋಡಿದ್ದೇ ಅವಳ ಮುಖ ಅರಳಿತು.

"ಬಾ ಯವ್ವಾ ಬಾ. ನಿನ್ನ ದೇವರೇ ಕಳಿಸ್ಯಾನ. ನೋಡು ನನ್ನ ಎದಿ, ಗಿರಣಿ ಹಂಗ ಗುರುಗುಟ್ಟತೈತಿ."

"ನೋಡೋಣ ರೀ ಯಮ್ಮಾ. ಮೊದಲ ಮನ್ಯಾಗ ದೊಡ್ಡವರು ಯಾರ್‍ಯಾರು ಅದಾರ, ಅವರ ಹೆಸರು ಹೇಳ್ರಿ."

ತಿಮ್ಮವ್ವ, ಮಗ ನಿಂಗರಾಜ, ಸೊಸೆ ಅಮರೇಶ್ವರಿ. ಮೂರೂ ಹೆಸರು ಸಮೀಕ್ಷೆಯ ಟ್ಯಾಬಿಗೆ ಹೋದವು. ಹೆಸರುಗಳಲ್ಲಿ ಒಂದನ್ನು ಟ್ಯಾಬು ತಾನೇ ಆರಿಸುತ್ತದೆ, ಆ ಮನೆಯಲ್ಲಿ ಪರೀಕ್ಷೆ ಅವರಿಗೆ ಮಾತ್ರ. ಬದಲಿ ಮಾಡುವಂತಿಲ್ಲ. ತಿಮ್ಮವ್ವನ ಹೆಸರೇ ಬರಲಿ ಎಂದು ಭಾರತಿ ಮನಸ್ಸಿನಲ್ಲೇ ಬೇಡಿಕೊಂಡಳು. ಬಂದದ್ದು ಅಮರೇಶ್ವರಿ.

"ಆಕಿನ್ನ?" ತಿಮ್ಮವ್ವನ ಕೆಮ್ಮು ಅಲ್ಲಿಗೇ ನಿಂತಿತು. "ಆಕಿಗೇನ್ ಧಾಡಿ ಆಗೈತಿ? ಹರೇದ ಹೆಣ್ಮಗಳು. ಸಾಯಾಕತ್ತಾಕಿ ನಾನು! ನಿನ್ನ ಮಷೀನಿಗೆ ಕಣ್ಣಿಲ್ಲೇನು?"

"ಚೀಟಿ ಎತ್ತಿದಂಗ ಯಮ್ಮಾ. ನಾ ಆರಿಸಂಗಿಲ್ಲ."

"ಹಂಗಂದ್ರ ಮತ್ತೊಮ್ಮೆ ಎತ್ತು."

ಆಗುವುದಿಲ್ಲ ಎಂಬುದನ್ನು ಭಾರತಿ ಮೂರು ಬಗೆಯಲ್ಲಿ ಹೇಳಿದಳು. ಮೂರು ಬಗೆಯಲ್ಲೂ ತಿಮ್ಮವ್ವ ಒಪ್ಪಲಿಲ್ಲ. ಕಡೆಗೆ ಭಾರತಿ ಅವಳನ್ನು ಅಲ್ಲೇ ಬಿಟ್ಟು ಒಳಗೆ ಹೋದಳು. ತಿಮ್ಮವ್ವನೂ ಹಿಂದೆಯೇ ಬಂದಳು.

ಮನೆಯ ಹಿಂಬದಿಗೆ ತಗಡಿನ ಸಣ್ಣ ಕೋಣೆ. ಅಮರೇಶ್ವರಿ ಅಲ್ಲಿ ಸಿಂಧನೂರಿನ ಖಾನಾವಳಿಗಳಿಗೆ ಕಳಿಸುವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಲೆಯಲ್ಲಿ ಹತ್ತಿಗಿಡದ ಕಟ್ಟಿಗೆ. ಹೊಗೆ ಹೋಗಲು ಬಾಗಿಲು ಬಿಟ್ಟರೆ ಬೇರೆ ದಾರಿಯಿಲ್ಲ, ಬಾಗಿಲಲ್ಲಿ ಹಿಟ್ಟಿನ ಡಬ್ಬಿಗಳು. ಭಾರತಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು. ಅಮರೇಶ್ವರಿ ಮಾತ್ರ ನಗುತ್ತಾ ಎದ್ದು, ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ಪಡಸಾಲೆಗೆ ಬಂದು ಕೂತಳು.

ಪ್ರಶ್ನೆಗಳು ಸೊಸೆಗೆ, ಉತ್ತರಗಳು ಅತ್ತೆಯವು.

"ವಾರದಾಗ ಎಷ್ಟು ದಿನ ಹಣ್ಣು ತಿಂತೀರಿ?"

"ಹಣ್ಣು ತಿನ್ನಾಕ ನಾವೇನು ಬಸುರಿಯರೇನು?" ಎಂದಳು ತಿಮ್ಮವ್ವ.

"ಯಮ್ಮಾ, ಅವ್ರನ್ನ ಕೇಳಿದ್ದು. ಬಿಡುವಿದ್ದಾಗ ವ್ಯಾಯಾಮ ಮಾಡ್ತೀರೇನ್ರಿ? ಓಡೋದು, ಜೋರಾಗಿ ನಡೆಯೋದು?"

ಅಮರೇಶ್ವರಿ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ನಕ್ಕರು. ಆ ಮನೆಯಲ್ಲಿ ಅವರಿಬ್ಬರೂ ಒಮ್ಮತಕ್ಕೆ ಬಂದ ಪ್ರಶ್ನೆ ಅದೊಂದೇ. ನಗುತ್ತಾ ನಗುತ್ತಾ ಉಸಿರು ಸಿಕ್ಕದೆ ಅಮರೇಶ್ವರಿ ಗೋಡೆಗೆ ಕೈಯಾನಿಸಿದಳು. ಭಾರತಿಗೆ ಅದು ಕಾಣಿಸಿತು, ಆದರೆ ಬೆರಳು ಆಗಲೇ ಮುಂದಿನ ಪ್ರಶ್ನೆಯ ಮೇಲಿತ್ತು.

ಆಮೇಲೆ ಊದುವ ಯಂತ್ರ.

"ಉಸಿರು ಪೂರಾ ಒಳಗ ತಗೋರಿ. ಕೊಳವಿಗೆ ತುಟಿ ಬಿಗಿ ಹಿಡೀರಿ. ಜೋರಾಗಿ ಊದ್ರಿ, ನಾ ಸಾಕು ಅನ್ನೋತನ ಬಿಡಬ್ಯಾಡ್ರಿ."

"ದಿನಾ ಒಲಿ ಊದಾಕಿಗೆ ಇದೇನು ದೊಡ್ಡದು," ಎಂದಳು ತಿಮ್ಮವ್ವ.

ಅಮರೇಶ್ವರಿ ಊದಿದಳು. ನಡುವೆಯೇ ಕೆಮ್ಮು ಬಂತು. ಟ್ಯಾಬು ಒಪ್ಪಲಿಲ್ಲ. ಮತ್ತೆ ಊದಿದಳು, ತುಟಿಯ ಪಕ್ಕದಿಂದ ಗಾಳಿ ಸೋರಿತು. ಅದೂ ಲೆಕ್ಕಕ್ಕಿಲ್ಲ. ಮತ್ತೊಮ್ಮೆ ಮಾಡಿಸಿದಾಗ ಅರ್ಧಕ್ಕೇ ಬಿಟ್ಟಳು. ಬಿಸಿಲು ಏರುತ್ತಿತ್ತು, ಇನ್ನೂ ಹತ್ತಾರು ಮನೆಗಳು ಉಳಿದಿದ್ದವು, ತಿಮ್ಮವ್ವ ಪಕ್ಕದಲ್ಲೇ ಕೂತು, "ನಾನಾದ್ರ ಒಂದ ಸಲಕ್ಕ ಊದಿ ಒಗೀತಿದ್ದೆ," ಎನ್ನುತ್ತಿದ್ದಳು. ಭಾರತಿಯ ತಾಳ್ಮೆ ತಪ್ಪಿತು.

"ಮನಸಿಟ್ಟು ಊದ್ರಿ ಜರಾ! ಆಟ ಅನ್ಕೊಂಡೀರೇನು?"

ಅಮರೇಶ್ವರಿ ನಗು ನಿಲ್ಲಿಸಿದಳು. ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಮೊಣಕಾಲು ಹಿಡಿದು ಊದಿದಳು. ಕುತ್ತಿಗೆಯ ನರಗಳು ಎದ್ದವು, ಮುಖ ಕೆಂಪಾಯಿತು. ಈ ಸಲ ಕೆಮ್ಮಲಿಲ್ಲ, ಗಾಳಿ ಸೋರಲಿಲ್ಲ, ಟ್ಯಾಬೂ ಒಪ್ಪಿತು. ಪರದೆಯ ಮೇಲಿನ ಗೆರೆ ಏರಿದ್ದೇ ಸ್ವಲ್ಪ, ಆಮೇಲೆ ಬಟ್ಟಲಿನಂತೆ ಒಳಗೆ ಕುಸಿದಿತ್ತು. ಆ ವಯಸ್ಸಿನ ಹೆಣ್ಣುಮಗಳಿಗೆ ಇರಬೇಕಾದ ಉಸಿರಿನ ಅರ್ಧವೂ ಇರಲಿಲ್ಲ. ಭಾರತಿ ಮತ್ತೆ ಊದಿಸಿದಳು. ಮತ್ತೆ ಅದೇ ಗೆರೆ. ಅವಳು ಆಟವಾಡಿರಲಿಲ್ಲ, ಇದ್ದ ಉಸಿರನ್ನೆಲ್ಲ ಕೊಟ್ಟಿದ್ದಳು.

"ಆಗ ಬೈದೆ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದಳು ಭಾರತಿ, ದನಿ ಇಳಿಸಿ. "ದಮ್ಮು ಹತ್ತೋದು ಯಾವಾಗಿಂದ?"

"ಎಲ್ಲಾರಿಗೂ ಹಂಗಾ ಇರತೈತಿ ಅನ್ಕೊಂಡಿದ್ದೆ ಅಕ್ಕಾರ."

ಭಾರತಿ ಅಂಗಳಕ್ಕೆ ಹೋಗಿ ಮೇಲ್ವಿಚಾರಕ ವೀರೇಶನಿಗೆ ಫೋನ್ ಮಾಡಿದಳು. ಅವನು ಸಿಂಧನೂರಿನಲ್ಲಿ ಫ್ಯಾನಿನ ಕೆಳಗೆ ಕೂತು, "ದವಾಖಾನಿಗೆ ಹೋಗ್ರಿ ಅಂತ ಹೇಳಿ ಮುಂದಿನ ಮನಿಗೆ ನಡಿ. ನಮ್ಮ ಕೆಲಸ ಅಳೆಯೋದು," ಎಂದ.

"ಅಳೆದು ಹಂಗಾ ಬಿಟ್ಟು ಹೋಗೋದೇನ್ರಿ ಸರ್?"

"ಮಧ್ಯಾಹ್ನ ಆತು, ನೀ ಇನ್ನೂ ಒಂದು ಮನಿ ಮುಗಿಸಿಲ್ಲ," ಎಂದು ಅವನು ಫೋನ್ ಇಟ್ಟ.

ಭಾರತಿ ತಿರುಗಿ ಬರುವಷ್ಟರಲ್ಲಿ ತಿಮ್ಮವ್ವ ತಾನೇ ಕೊಳವೆ ಹಿಡಿದು ಕೂತಿದ್ದಳು. ಬೇಡ ಎನ್ನುವ ಶಕ್ತಿ ಭಾರತಿಗೆ ಉಳಿದಿರಲಿಲ್ಲ. ಕೊಳವೆ ಬದಲಿಸಿ, ಟ್ಯಾಬನ್ನು ಲೆಕ್ಕಕ್ಕೆ ಹಿಡಿಯದ ಅಭ್ಯಾಸದ ಪರೀಕ್ಷೆಗೆ ಇಟ್ಟು, "ಊದ್ರಿ," ಎಂದಳು.

ತಿಮ್ಮವ್ವ ಊದಿದಳು. ಗೆರೆ ಪರದೆಯ ನೆತ್ತಿಗೆ ಹೋಗಿ ಮುಟ್ಟಿತು. ಆ ವಯಸ್ಸಿಗೆ ಅಂಥ ಉಸಿರನ್ನು ಭಾರತಿ ಈವರೆಗೆ ಯಾರಲ್ಲೂ ನೋಡಿರಲಿಲ್ಲ.

"ಎಷ್ಟು ದಿನ ಉಳಿದಾವ ನನ್ನವು?" ಎಂದು ತಿಮ್ಮವ್ವ ಆಸೆಯಿಂದ ಕೇಳಿದಳು.

"ನಿಮ್ಮ ಉಸಿರು ಗಟ್ಟಿ ಐತ್ರಿ. ಕೆಮ್ಮು ಗಂಟಲಾಗಿಂದ ಇರಬೇಕು. ಕಡ್ಡಿಪುಡಿ ಬಿಟ್ಟು, ಒಮ್ಮೆ ಡಾಕ್ಟರಿಗೆ ತೋರಿಸ್ರಿ."

"ಗಟ್ಟಿ?" ತಿಮ್ಮವ್ವ ಎದ್ದು ನಿಂತಳು. "ನಾ ಸುಳ್ಳು ಕೆಮ್ಮಾಕತ್ತೀನೇನು? ಆಕಿಗೆ ರೋಗ ಅಂತ, ನನಗಿಲ್ಲಂತ! ನಿನ್ನ ಮಷೀನಿಗೆ ಬೆಂಕಿ ಹಚ್ಚ. ಕೆಟ್ಟು ಹೋಗೈತಿ ಅದು."

ಬೆಳಗಿನಿಂದ ನುಂಗಿಕೊಂಡಿದ್ದೆಲ್ಲ ಭಾರತಿಯ ಬಾಯಿಗೆ ಬಂತು. "ಕೆಟ್ಟಿಲ್ಲ ರೀ! ನೀವು ಕಟ್ಟಿ ಮ್ಯಾಲ ಕುಂತು ಊರಿಗೆಲ್ಲ ಕೇಳಂಗ ಕೆಮ್ಮತೀರಿ. ಆ ಹೊಗಿ ಕ್ವಾಣ್ಯಾಗ ಕುಂತು ಈಕಿ ಸದ್ದಿಲ್ಲದಂಗ ಅರ್ಧ ಉಸಿರು ಕಳಕೊಂಡಾಳ. ಜಲ್ದಿ ದವಾಖಾನಿಗೆ ಕರಕೊಂಡು ಹೋಗ್ರಿ. ನಾಳಿ ಅಲ್ಲ, ಇವತ್ತು!"

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಸಮೀಕ್ಷೆಯವರು ಹೀಗೆ ಮಾತಾಡುವಂತಿಲ್ಲ. ತಿಮ್ಮವ್ವ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತಳು, ಭಾರತಿ ಹೊರಡುವವರೆಗೂ ತಿರುಗಿ ನೋಡಲಿಲ್ಲ. ಒಮ್ಮೆಯೂ ಕೆಮ್ಮಲಿಲ್ಲ. ತಗಡಿನ ಕೋಣೆಯಿಂದ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಮುಂದೆ ಸಮೀಕ್ಷೆ ಮಸ್ಕಿ ಕಡೆಗೆ ಸಾಗಿತು. ಒಂದು ಸಂಜೆ ಭಾರತಿ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಪೆಟ್ಟಿಗೆಗಳ ಮೇಲೆ ಕೈಯಿಟ್ಟು ನಿಂತಿದ್ದಾಗ ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಬಂತು. ಕಿಟಕಿಯಿಂದ ಒಂದು ಕೈ ಹೊರಬಂದು ಅವಳನ್ನು ಕರೆಯಿತು.

"ಏ ಊದೋ ಮಷೀನಿನಾಕಿ! ಇಲ್ಲಿ ಬಾ ಬೇ!"

ತಿಮ್ಮವ್ವ. ಪಕ್ಕದಲ್ಲಿ ಅಮರೇಶ್ವರಿ.

ಭಾರತಿ ಹತ್ತಿ ಪಕ್ಕದಲ್ಲೇ ನಿಂತಳು. "ಲಿಂಗಸುಗೂರಿಗೆ ಯಾಕ ಹೋಗಿದ್ರಿ ಯಮ್ಮಾ? ನಿಮಗ ಸಿಂಧನೂರ ಸಮೀಪ ಆಗತಿತ್ತಲ್ಲ."

"ಸಿಂಧನೂರಾಗಿನ ಮಷೀನೆಲ್ಲ ನಿನ್ನ ಕಡೇವು. ನನ್ನ ಎದಿ ಬರೋಬರಿ ನೋಡೋರು ಬೇಕಾಗಿತ್ತು. ಅದಕ ಅಕ್ಕನ ಊರಿಗೆ ಹೋದೆ. ಒಬ್ಬಾಕಿನ ಹೆಂಗ ಹೋಗಲಿ ಅಂತ ಈಕಿನ್ನೂ ಎಳಕೊಂಡು ಹೋದೆ."

"ಏನಂದ್ರು?"

ತಿಮ್ಮವ್ವ ಕಿಟಕಿಯಾಚೆ ನೋಡತೊಡಗಿದಳು. ಉತ್ತರ ಕೊಟ್ಟದ್ದು ಅಮರೇಶ್ವರಿ. ಅತ್ತೆಯ ಎದೆ ಚೆನ್ನಾಗಿದೆ ಎಂದು ಅಲ್ಲಿಯೂ ಹೇಳಿದರಂತೆ. ಅತ್ತೆ ಜಗಳ ತೆಗೆದು, "ಈಕಿನ್ನ ಊದಿಸಿ ನೋಡ್ರಿ, ನಿಮ್ಮ ಮಷೀನ್ ಖರೆ ಐತೋ ಇಲ್ಲೋ ಗೊತ್ತಾಗತೈತಿ," ಎಂದು ಸೊಸೆಯನ್ನು ಮುಂದೆ ತಳ್ಳಿದಳಂತೆ. ಡಾಕ್ಟರು ಸೊಸೆಯನ್ನು ಎರಡು ದಿನ ಇಟ್ಟುಕೊಂಡು ನೋಡಿ, ಬಾಯಿಂದ ಎಳೆದುಕೊಳ್ಳುವ ಔಷಧಿ ಕೊಟ್ಟು, ಹೊಗೆಯ ಹತ್ತಿರ ಸುಳಿಯಬೇಡ ಎಂದರಂತೆ. ಅದು ಮೊದಲ ಸಲದ ಮಾತು, ಈಗ ಮತ್ತೊಮ್ಮೆ ತೋರಿಸಿಕೊಂಡು ಬರುತ್ತಿದ್ದರು.

"ಈಗ ಹೆಂಗೈತ್ರಿ?"

"ರಾತ್ರಿ ಕೂಡಂಗಿಲ್ಲ ಅಕ್ಕಾರ. ಮಲಗತೀನಿ."

ದಮ್ಮು ಹತ್ತಿ ಎಷ್ಟು ದಿನದಿಂದ ರಾತ್ರಿಗಳನ್ನು ಕೂತೇ ಕಳೆಯುತ್ತಿದ್ದಳು ಎಂಬುದನ್ನು ಅವಳು ಅಂದು ಹೇಳಿರಲಿಲ್ಲ. ಪ್ರಶ್ನೆಗಳಲ್ಲಿ ಅದು ಇರಲಿಲ್ಲ, ಭಾರತಿಯೂ ಕೇಳಿರಲಿಲ್ಲ.

"ರೊಟ್ಟಿ ಯಾರು ಮಾಡ್ತಾರ ಈಗ?"

"ಯಾರು ಮಾಡ್ತಾರ?" ತಿಮ್ಮವ್ವ ಗಕ್ಕನೆ ತಿರುಗಿದಳು. "ನಿಂಗರಾಜ ಎರಡು ತಗಡು ಕಿತ್ತಾನ, ಒಲಿ ಅಂಗಳಕ್ಕ ಹಾಕ್ಯಾನ. ಗ್ಯಾಸಿನ ಮ್ಯಾಲ ಮಾಡಿದ್ರ ಖಾನಾವಳ್ಯಾರು ಒಲ್ಲೆ ಅಂತಾರ. ಹೊಗಿ ಮುಂದ ಈಕಿ ಕುಂದ್ರಂಗಿಲ್ಲ. ನನ್ನ ಎದಿ ಗಟ್ಟಿ ಅಂತ ಊರು ತುಂಬ ಸಾರೀರಲ್ಲ, ಇನ್ನ್ಯಾರು ಬಡೀಬೇಕು? ನಾನಾ ಬಡೀಬೇಕು! ಈ ವಯಸ್ಸಿನಾಗ!"

"ನಿಮಗೂ ಹೊಗಿ ಒಳ್ಳೇದಲ್ಲ ಯಮ್ಮಾ," ಎಂದಳು ಭಾರತಿ ಹಣೆ ಒತ್ತಿಕೊಳ್ಳುತ್ತಾ. "ಗಾಳಿ ಬೆನ್ನಿಗೆ ಬರೋಹಂಗ ಕುಂದ್ರರಿ. ಆ ಕಡ್ಡಿಪುಡಿ ಬಿಡ್ರಿ."

"ಎಲ್ಲಾ ಬಿಡು, ಎಲ್ಲಾ ಬಿಡು! ಉಳಿಯೋದಾದ್ರೂ ಏನು?"

ಬಸ್ಸು ಹೊರಟಿತು. ಸಿಂಧನೂರಿನವರೆಗೂ ತಿಮ್ಮವ್ವ ಡಾಕ್ಟರನ್ನು, ಭಾರತಿಯನ್ನು, ಖಾನಾವಳಿಯವರನ್ನು ಸರದಿಯಂತೆ ಬೈಯುತ್ತಲೇ ಬಂದಳು. ಅಮರೇಶ್ವರಿ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ತಿಮ್ಮವ್ವ ಬೈಗುಳ ನಿಲ್ಲಿಸದೆಯೇ ಒಂದು ಕೈಯಿಂದ ಸೊಸೆಯ ತಲೆ ಸರಳಿಗೆ ಬಡಿಯದಂತೆ ಹಿಡಿದುಕೊಂಡಿದ್ದಳು.