ಎರಡಿಂಚಿನ ವೈರು

ಬಲ್ಬು ಹತ್ತಿಕೊಂಡಾಗ ತರಬೇತಿ ಕೋಣೆಯಲ್ಲಿ ನಗು ಎದ್ದಿತು. ಮೂವತ್ತು ಜನ ಎಲೆಕ್ಟ್ರಿಷಿಯನ್ನರಲ್ಲಿ ನಗದೆ ಕೂತವನು ಒಬ್ಬನೇ, ಹಿಂದಿನ ಬೆಂಚಿನ ಫ್ಯೂಸ್ ಮಾವ.

ಮೇಜಿನ ಮೇಲೆ ತಗಡಿನ ಹಳೆಯ ಹೀಟರ್ ಇತ್ತು. ಅದಕ್ಕೆ ಅರ್ತ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ವೈರು, ಇರಲಿಲ್ಲ. ಅರ್ತ್ ಇಲ್ಲದ ಮನೆಯಲ್ಲಿ ನೀವೆಲ್ಲ ಏನು ಮಾಡುತ್ತೀರೆಂದು ಬಲ್ಲೆ ಎನ್ನುತ್ತ, ಪಾಠ ಹೇಳುವ ಮೇಡಂ ಸಾಕೆಟ್ಟಿನೊಳಗೆ ನ್ಯೂಟ್ರಲ್ಲಿನಿಂದ ಅರ್ತ್ ಪಿನ್ನಿಗೆ ಒಂದು ತುಂಡು ವೈರು ಜೋಡಿಸಿದ್ದರು. ಹೀಟರ್ ಸದ್ದಿಲ್ಲದೆ ಕಾಯಿತು. ತಗಡಿಗೂ ನೆಲಕ್ಕೂ ನಡುವೆ ಕಟ್ಟಿದ್ದ ಬಲ್ಬು ಸುಮ್ಮನಿತ್ತು. ಆಮೇಲೆ ಅವರು ಮೇನ್ ಕಡೆಯ ನ್ಯೂಟ್ರಲ್ ಕಿತ್ತರು. ಹೀಟರ್ ಆರಿತು, ಬಲ್ಬು ಝಗ್ಗೆಂದಿತು. ವಾಪಸು ಹೋಗುವ ದಾರಿ ತಪ್ಪಿದ ಕರೆಂಟು ಆ ತುಂಡು ವೈರು ಹಿಡಿದು ತಗಡಿಗೆ ಬಂದಿತ್ತು.

"ಬಲ್ಬಿನ ಜಾಗದಲ್ಲಿ ಯಾರೋ ಬರಿಗಾಲಲ್ಲಿ ನಿಂತಿದ್ದಾರೆ ಅಂದ್ಕೊಳ್ಳಿ," ಎಂದರು ಮೇಡಂ. "ಪಾಪ, ಅವರು ಕರೆಂಟ್ ಹೋಗಿದೆ ಅಂತಲೇ ತಿಳ್ಕೊಂಡಿರ್ತಾರೆ."

ಮುಂದಿನ ಬೆಂಚಿನ ಬೋಳುತಲೆಯವನಿಗೆ ಇದೂ ತಮಾಷೆಯಾಗಿ ಕಂಡಿತು. ಫ್ಯೂಸ್ ಮಾವ ಮಾತ್ರ ಆ ತುಂಡು ವೈರಿನಿಂದ ಕಣ್ಣು ಕೀಳಲಿಲ್ಲ.

ಬೀದಿಯಲ್ಲಿ ಯಾರ ಮನೆಯ ಫ್ಯೂಸ್ ಹೋದರೂ ಓಡಿಹೋಗುತ್ತಿದ್ದುದರಿಂದ ಬಂದ ಹೆಸರು ಅದು. ಮೂವತ್ತೆರಡು ವರ್ಷದ ಕೆಲಸ. ಪರ್ಮಿಟ್ ಮತ್ತೆ ಸಿಗಬೇಕಾದರೆ ಮೂರು ದಿನ ಸುರಕ್ಷತಾ ನಿಯಮಗಳ ಪಾಠ ಕೇಳಲೇಬೇಕು, ಅರ್ಧ ದಿನ ತಪ್ಪಿದರೂ ಆರು ತಿಂಗಳು ಕಾಯಬೇಕು ಎಂದಾಗ ಮುಖ ಊದಿಸಿಕೊಂಡೇ ಬಂದಿದ್ದ. ಈ ಮೇಡಂ ತೊಟ್ಟಿಲಲ್ಲಿದ್ದಾಗಲೇ ತಾನು ಕಂಬ ಹತ್ತಿದವನು ಎಂದು ಮೊದಲ ದಿನ ಪಕ್ಕದವನ ಕಿವಿಯಲ್ಲಿ ಹೇಳಿದ್ದ.

ಆ ತುಂಡು ವೈರಿನ ಉಪಾಯವನ್ನು ಕೆಲಸ ಕಲಿಸಿದ ಗುರುವಿನಿಂದ ಪಡೆದಿದ್ದ. ಎಷ್ಟು ಮನೆಗಳಲ್ಲಿ ಹಾಕಿದ್ದನೋ ಲೆಕ್ಕವಿಲ್ಲ. ಕೊನೆಯದು ನಾಲ್ಕು ತಿಂಗಳ ಹಿಂದೆ, ಸ್ವಂತ ಮಗಳ ಬಾಡಿಗೆ ಮನೆಯಲ್ಲಿ. ಹೊಸ ವಾಷಿಂಗ್ ಮೆಷಿನ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಮಾವ ಎರಡಿಂಚು ಕರಿ ವೈರು ಹಾಕಿ ಹತ್ತೇ ನಿಮಿಷದಲ್ಲಿ ಜುಮ್ ನಿಲ್ಲಿಸಿದ್ದ. ನಮ್ಮಪ್ಪ ಕೈಯಿಟ್ಟರೆ ಮುಗೀತು ಎಂದು ಮಗಳು ಅತ್ತೆಯ ಮುಂದೆ ಹೆಮ್ಮೆಪಟ್ಟಿದ್ದಳು. ಮೊನ್ನೆ ಭಾನುವಾರ ಅವಳೇ ಫೋನ್ ಮಾಡಿ, ಲೈಟು ಒಮ್ಮೆ ಮಂಕಾಗುತ್ತದೆ, ಒಮ್ಮೆ ಸರಿಹೋಗುತ್ತದೆ ಎಂದಿದ್ದಳು. ಮೀಟರ್ ಹತ್ತಿರ ಎಲ್ಲೋ ಲೂಸ್ ಇರಬೇಕು, ಕೋರ್ಸ್ ಮುಗಿಯಲಿ ಎಂದಿದ್ದ. ಲೂಸ್ ಆಗಿರುವುದು ಫೇಸೂ ಇರಬಹುದು, ನ್ಯೂಟ್ರಲ್ಲೂ ಇರಬಹುದು.

ಗೋಡೆ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮಗಳದು ಮಧ್ಯಾಹ್ನದ ಪಾಳಿ. ಹನ್ನೊಂದರ ಹೊತ್ತಿಗೆ ಬಟ್ಟೆ ಒಗೆಯಲು ತೊಡಗುತ್ತಾಳೆ.

ಎಲ್ಲರ ಫೋನುಗಳನ್ನು ಬಾಗಿಲ ಬಳಿ ಒಂದು ಟ್ರೇಯಲ್ಲಿ ಇಡಿಸಿದ್ದರು. ಮಾವ ಎದ್ದುಹೋಗಿ ತನ್ನದನ್ನು ಎತ್ತಿಕೊಂಡ.

"ಈಗ ಆಚೆ ಹೋದ್ರೆ ಅರ್ಧ ದಿನ ಹೋಗತ್ತೆ, ಸರ್," ಎಂದರು ಮೇಡಂ.

"ಹೋಗ್ಲಿ ಮೇಡಂ."

ಮಗಳ ಫೋನ್ ಎಂಗೇಜ್ ಇತ್ತು. ಹೆಂಡತಿಗೆ ಹಚ್ಚಿದ, ಅದೂ ಎಂಗೇಜ್. ಅಲ್ಲಿಗೆ ತಾಯಿ ಮಗಳು ಮಾತಿಗೆ ಕೂತಿದ್ದಾರೆ ಎಂದಾಯಿತು. ಒಲೆಯ ಮೇಲೆ ಹಾಲುಕ್ಕಿದರೂ ಇವರಿಗೆ ಗೊತ್ತಾಗುವುದಿಲ್ಲ ಎಂದು ದಿನವೂ ಹಂಗಿಸುತ್ತಿದ್ದವನು ಇವತ್ತು ಮಾತಾಡಲಿ, ಇನ್ನೂ ಮಾತಾಡಲಿ ಎಂದು ಬೇಡಿಕೊಂಡ. ಎಂಗೇಜ್ ಇರುವಷ್ಟು ಹೊತ್ತು ಒಂದು ಕೈಯಲ್ಲಿ ಫೋನಿದೆ. ಇನ್ನೊಂದು ಕೈ ಎಲ್ಲಿದೆಯೋ!

ಸ್ಕೂಟರನ್ನು ಅವನು ಅಷ್ಟು ಕೆಟ್ಟದಾಗಿ ಎಂದೂ ಓಡಿಸಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಫೋನ್ ಹಚ್ಚಿದ. ಎಂಗೇಜ್. ಮುಂದಿನ ಸಿಗ್ನಲ್ಲಿನಲ್ಲೂ ಎಂಗೇಜ್. ಮಗಳ ಬೀದಿಯ ತಿರುವಿನಲ್ಲಿ ಹಚ್ಚಿದಾಗ ರಿಂಗಾಯಿತು, ಕೊನೆಯವರೆಗೂ ರಿಂಗಾಗಿ ನಿಂತುಹೋಯಿತು.

ಪಕ್ಕದ ಮನೆಯ ಕಿಟಕಿಯಲ್ಲಿ ಫ್ಯಾನು ತಿರುಗುತ್ತಿತ್ತು. ಮಗಳ ಮನೆಯ ಫ್ಯಾನು ನಿಂತಿತ್ತು. ಬಾಗಿಲು ತೆರೆದೇ ಇತ್ತು, ಫೋನು ಮಂಚದ ಮೇಲೆ ಬಿದ್ದಿತ್ತು. ಬಚ್ಚಲಿನ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಮಗಳು, ತೋಳಿನ ಬಟ್ಟೆ ಮೇಲಕ್ಕೆ ಮಡಚಿಕೊಂಡು, ಮೆಷಿನ್ನಿನ ಕಡೆಗೆ ಬಗ್ಗುತ್ತಿದ್ದಳು.

"ಪುಟ್ಟೀ, ಮುಟ್ಟಬೇಡ."

ಅವನು ಕೂಗಲಿಲ್ಲ. ಆ ದನಿ ತನ್ನದೆಂದು ಅವನಿಗೇ ಅನಿಸಲಿಲ್ಲ. ಮಗಳು ಕೈ ಹಿಂದೆಳೆದುಕೊಂಡಳು.

"ಕರೆಂಟ್ ಹೋಯ್ತಲ್ಲಪ್ಪ. ಬಟ್ಟೆ ಅದರೊಳಗೇ ಕೊಳೀತಿದೆ, ಕೈಯಲ್ಲೇ ಹಿಂಡಿ ಹಾಕೋಣ ಅಂದ್ರೆ ಅಮ್ಮ ಫೋನೇ ಬಿಡ್ಲಿಲ್ಲ."

ಅವಳನ್ನು ಒಣ ನೆಲಕ್ಕೆ ಕರೆದು, ಜೇಬಿನ ಟೆಸ್ಟರನ್ನು ಮೆಷಿನ್ನಿನ ತಗಡಿಗೆ ಹಿಡಿದ. ಕೆಂಪಗೆ ಹೊಳೆಯಿತು. ಮಗಳು ಟೆಸ್ಟರನ್ನು ನೋಡಿದಳು, ನಿಂತ ಫ್ಯಾನನ್ನು ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

ಮೇನ್ ಆಫ್ ಮಾಡಿ, ಸಾಕೆಟ್ ಬಿಚ್ಚಿ, ಕರಿ ವೈರನ್ನು ಹೊರಗೆಳೆದ.

"ಇದನ್ನ ಹಾಕಿದ್ದು ನಾನೇ," ಎಂದ.

"ಜುಮ್ ಅನ್ನೋದು ನಿಂತಿತ್ತಲ್ಲಪ್ಪ," ಎಂದಳು ಅವಳು, ಅವನ ಪರ ವಹಿಸುವವಳ ಹಾಗೆ.

ಬಚ್ಚಲ ಹೊಸಿಲ ಮೇಲೆ ಕೂತ. ಅವಳ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೆಚ್ಚಗಿದೆ, ಬೆಚ್ಚಗಿದೆ ಎಂದು ಮನಸ್ಸಿನಲ್ಲೇ ಹೇಳಿಕೊಂಡ. ಅಳು ಬಂತು, ಹಿಂದೆಯೇ ನಗುವೂ ಬಂತು. ಅಷ್ಟರಲ್ಲಿ ಮಂಚದ ಮೇಲಿನ ಫೋನು ಮತ್ತೆ ರಿಂಗಾಯಿತು, ಅವನೇ ಎತ್ತಿಕೊಂಡ. ಹೇಳಬೇಕಾದದ್ದು ಏನೋ ಉಳಿದುಬಿಟ್ಟಿತು ಎಂದು ಅವನ ಹೆಂಡತಿಯೇ ಮಾಡಿದ್ದಳು. ನಿಧಾನಕ್ಕೆ ಎಲ್ಲಾ ಹೇಳು, ಅವಸರವಿಲ್ಲ ಎಂದು ಹೆಂಡತಿಗೆ ಹೇಳಿ ಫೋನನ್ನು ಮಗಳ ಕೈಗೆ ಕೊಟ್ಟ. ಇವರಿಗೆ ಏನಾಗಿದೆ ಎಂದು ಆ ಕಡೆಯಿಂದ ಕೇಳಿದ್ದು ಅವನಿಗೂ ಕೇಳಿಸಿತು.

ಮೀಟರ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ಲಿನ ತುದಿ ಸುಟ್ಟು ಕಳಚಿಬಿದ್ದಿತ್ತು. ಅದನ್ನು ಸರಿಮಾಡಿದ. ಭಾನುವಾರ ಗುಂಡಿ ತೋಡಿ ನಿಜವಾದ ಅರ್ತ್ ಹಾಕುವವರೆಗೆ ಮೆಷಿನ್ ಮುಟ್ಟಕೂಡದೆಂದು ಹೇಳಿ, ಪ್ಲಗ್ಗನ್ನೂ ಕಿತ್ತಿಟ್ಟ. ಬಟ್ಟೆಯನ್ನು ಅಪ್ಪ ಮಗಳು ಸೇರಿ ಹಿಂಡಿ ಹಾಕಿದರು.

ಎರಡೂವರೆಗೆ ಮಾವ ತರಬೇತಿ ಕೋಣೆಗೆ ವಾಪಸಾದ. ಫೋನನ್ನು ಟ್ರೇಗೆ ಹಾಕಿ, ನೇರ ಮೇಜಿನ ಬಳಿ ಹೋಗಿ ಆ ವೈರಿನ ತುಂಡನ್ನು ಮೇಡಂ ಮುಂದೆ ಇಟ್ಟ. ತಾನು ಹಾಕಿದ್ದನ್ನೂ, ಟೆಸ್ಟರ್ ಹೊಳೆದದ್ದನ್ನೂ ಎಲ್ಲರಿಗೂ ಕೇಳುವಂತೆ ಹೇಳಿದ. ನಾಚಿಕೆಯಾಗುತ್ತಿತ್ತು, ಆದರೂ ಅಷ್ಟು ಹಗುರವಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ.

ಮೇಡಂ ಹಾಜರಿ ಪುಸ್ತಕ ತೆರೆದು, ಅವನ ಹೆಸರಿನ ಮುಂದಿದ್ದ ಬೆಳಗಿನ ಖಾಲಿ ಮನೆಯಲ್ಲಿ 'ಪ್ರಾಯೋಗಿಕ' ಎಂದು ಬರೆದರು. ಹೀಗೆ ಬರೆಯಲು ನಿಯಮವಿದೆಯೇ ಎಂದು ಯಾರೂ ಕೇಳಲಿಲ್ಲ.

ಮಾವ ಹಿಂದಿನ ಬೆಂಚಿಗೆ ಹೋಗಿ ಕೂತ. ಮುಂದಿನ ಬೆಂಚಿನ ಬೋಳುತಲೆಯವನು ಬೆಳಿಗ್ಗೆ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಈಗ ಅವನು ಮೆಲ್ಲಗೆ ಎದ್ದು ನಿಂತ.

"ನಮ್ಮ ತಂಗಿ ಮನೆ, ಮೇಡಂ," ಎಂದ. "ಎರಡು ನಿಮಿಷ."

ಅವನ ಹಿಂದೆ ಇನ್ನೊಬ್ಬ ಎದ್ದ. ಅವನ ಹಿಂದೆ ಮೂವರು. ಮೇಡಂ ಬಾಗಿಲನ್ನು ಅಗಲವಾಗಿ ತೆರೆದು ಬದಿಗೆ ಸರಿದು ನಿಂತರು. ಸ್ವಲ್ಪ ಹೊತ್ತಿನಲ್ಲೇ ಕಾರಿಡಾರಿನ ತುಂಬ ತಗ್ಗಿದ ದನಿಗಳು, ಪ್ಲಗ್ ತೆಗೆ, ಮುಟ್ಟಬೇಡ, ಸಂಜೆ ನಾನೇ ಬರ್ತೀನಿ ಎನ್ನುತ್ತಿದ್ದವು. ಟ್ರೇಯಲ್ಲಿ ಫ್ಯೂಸ್ ಮಾವನ ಫೋನೊಂದೇ ಉಳಿದಿತ್ತು.