ಕಲಕದ ತೊಟ್ಟಿ

ತಕ್ಕಡಿರಾಯ ಎಂಬ ಹೆಸರು ಅವನಿಗೆ ಇಟ್ಟವರು ಅವನ ಭಾವ. ಇಳಿಜಾರಿನ ಹೊಲದಿಂದ ಒಂದೊಂದು ಮಳೆ ಎಷ್ಟು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ ಎಂದು ತೂಗಿ ಬರೆಯುವುದು ಅವನ ನೌಕರಿ. "ಚಿನ್ನ ತೂಗೋರನ್ನ ನೋಡಿದೀನಿ, ಕೆಸರು ತೂಗೋನನ್ನ ಇವನೊಬ್ಬನನ್ನೇ ನೋಡಿದ್ದು" ಎಂದು ಭಾವ ಊಟಕ್ಕೆ ಕೂತಾಗಲೆಲ್ಲ ನಗಾಡುತ್ತಿದ್ದರು. ಅಕ್ಕ ಮಾತ್ರ ತಮ್ಮನ ಪರ. ಓದಿದವನು, ಲೆಕ್ಕ ಬಲ್ಲವನು ಎಂದು ಅವಳಿಗೆ ಹೆಮ್ಮೆ.

ಕೆಲಸವೇನೋ ಕೇಳಲು ಸುಲಭ. ಗುಡ್ಡದ ಒಂದೇ ಓರೆಯಲ್ಲಿ ಅಕ್ಕಪಕ್ಕ ಎರಡು ಗೋಧಿ ತಾಕುಗಳು. ಒಂದರಲ್ಲಿ ಇಳಿಜಾರಿಗೆ ಅಡ್ಡಲಾಗಿ ಮೂರು ಹುಲ್ಲಿನ ಪಟ್ಟಿ, ಇನ್ನೊಂದರಲ್ಲಿ ಬರೀ ಗೋಧಿ. ಎರಡರ ಬುಡದಲ್ಲೂ ಹರಿದ ನೀರು ಬಂದು ಸೇರಲು ಒಂದೊಂದು ಸಿಮೆಂಟ್ ತೊಟ್ಟಿ. ಮಳೆ ನಿಂತ ಮೇಲೆ ಉದ್ದನೆಯ ಮರದ ಹುಟ್ಟು ಹಾಕಿ ತೊಟ್ಟಿಯನ್ನು ನೂರು ಸುತ್ತು ಕಲಕಬೇಕು. ತಳದ ಕೆಸರೆಲ್ಲ ಎದ್ದು ನೀರು ಗಿರಗಿರ ತಿರುಗುತ್ತಿರುವಾಗಲೇ ಒಂದು ಬಾಟಲಿ ತುಂಬಿಕೊಳ್ಳಬೇಕು. ಅದನ್ನು ಕಚೇರಿಯ ಹಿಂದಿನ ಕೋಣೆಯ ಓವನ್‌ನಲ್ಲಿ ಒಣಗಿಸಿ, ಉಳಿದ ಮಣ್ಣನ್ನು ತೂಗಬೇಕು. ಆ ಒಂದು ಬಾಟಲಿಯಿಂದ ತೊಟ್ಟಿಯ ಲೆಕ್ಕ, ತೊಟ್ಟಿಯಿಂದ ಇಡೀ ಗುಡ್ಡದ ಲೆಕ್ಕ.

ಮೂರು ವರ್ಷದ ಹಿಂದೆ, ಈ ತಾಕುಗಳನ್ನು ಮಾಡಿದ ಹೊಸತರಲ್ಲೇ, ಅವನ ಬಲಭುಜ ಹಿಡಿದುಕೊಂಡಿತು. ನೂರು ಸುತ್ತು ಐವತ್ತಾಯಿತು, ಐವತ್ತು ಹತ್ತಾಯಿತು, ಕೊನೆಗೆ ಬಾಟಲಿಯನ್ನು ಮೇಲುಮೇಲೆ ಮುಳುಗಿಸಿ ಎತ್ತಿದರೆ ಸಾಕು ಎಂಬಲ್ಲಿಗೆ ಬಂತು. ಅದು ಮೋಸ ಎಂದು ಅವನಿಗೆ ಅನಿಸಲಿಲ್ಲ. ಎರಡು ತೊಟ್ಟಿಗೂ ಒಂದೇ ರೀತಿ ಮಾಡುತ್ತೇನಲ್ಲ, ತಪ್ಪಾದರೂ ಎರಡರಲ್ಲೂ ಸಮನಾಗಿ ತಪ್ಪುತ್ತದೆ ಎಂದುಕೊಂಡ. ನಮ್ಮ ಸೋಮಾರಿತನಕ್ಕೆ ವಕೀಲರನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಒಳಗೇ ಕೂತಿರುತ್ತಾರೆ.

ಎರಡು ತಾಕಿನ ಅಂಕಿಗಳೂ ಹೆಚ್ಚುಕಡಿಮೆ ಒಂದೇ ಬರತೊಡಗಿದವು. ಕೆಸರೆಲ್ಲ ತಳಕ್ಕಿಳಿದ ಮೇಲೆ ಮೇಲಿನ ತಿಳಿನೀರು ಬೇರೇನು ಹೇಳೀತು? ಆದರೆ ಅವನು ಆ ಅಂಕಿಗಳನ್ನು ನಂಬಿದ. ಊರನ್ನು ನಂಬಿಸಲು ಸುಳ್ಳು ಬರೆಯುವವರಿದ್ದಾರೆ. ಇವನು ತಾನು ಬರೆದದ್ದನ್ನು ತಾನೇ ನಂಬಿ ಕೆಟ್ಟ.

ಅಕ್ಕನ ಹೊಲವೂ ಅದೇ ಗುಡ್ಡದ ಇನ್ನೊಂದು ಮಗ್ಗುಲಲ್ಲಿತ್ತು. ಭಾವ ಹನ್ನೊಂದು ವರ್ಷದ ಹಿಂದೆ ಹುಲ್ಲಿನ ಬುಡಗಳನ್ನು ತಂದು, ಹಗ್ಗ ಹಿಡಿದು, ಅಡ್ಡಸಾಲು ನೆಟ್ಟಿದ್ದರು. ಹೋದ ವರ್ಷ ಬಿತ್ತನೆಗೆ ಮುಂಚೆ ಒಂದು ಮಧ್ಯಾಹ್ನ ಅಕ್ಕ ಬಡಿಸುತ್ತಾ ಕೇಳಿದಳು.

"ಆ ಹುಲ್ಲು ಹತ್ತು ಸಾಲು ಗೋಧಿ ಜಾಗ ತಿನ್ನುತ್ತೆ. ನಿಜವಾಗ್ಲೂ ಅದರಿಂದ ಉಪಯೋಗ ಇದೆಯೇನೋ? ನಿನಗೆ ಗೊತ್ತಿರುತ್ತಲ್ಲ."

"ಏನೂ ಇಲ್ಲಕ್ಕ. ಎರಡು ವರ್ಷದ ಲೆಕ್ಕ ನನ್ನ ಹತ್ರ ಇದೆ. ಹುಲ್ಲಿದ್ರೂ ಒಂದೇ, ಇಲ್ಲದಿದ್ರೂ ಒಂದೇ."

ಭಾವ ತಟ್ಟೆಯಿಂದ ತಲೆಯೆತ್ತಿದರು. "ಮಳೆ ಬಂದಾಗ ಹುಲ್ಲಿನ ಹಿಂದೆ ಮಣ್ಣು ನಿಲ್ಲೋದನ್ನ ನಾನು ಕಣ್ಣಾರೆ ನೋಡ್ತೀನಲ್ಲೋ, ತಕ್ಕಡಿರಾಯ."

"ಕಣ್ಣಿಗೆ ಕಂಡಿದ್ದೆಲ್ಲ ಲೆಕ್ಕ ಆಗಲ್ಲ ಭಾವ" ಎಂದು ಅವನು ನಕ್ಕ. ಅಷ್ಟು ವರ್ಷದ ಕೀಟಲೆಗೆ ಒಂದು ಸಲವಾದರೂ ತಿರುಗಿ ಕೊಟ್ಟೆನಲ್ಲ ಎಂಬ ಖುಷಿಯೂ ಆ ನಗೆಯಲ್ಲಿತ್ತು.

ಅದೇ ವಾರ ಭಾವ ಗುದ್ದಲಿ ಹಿಡಿದು ಪಟ್ಟಿಗಳನ್ನೆಲ್ಲ ಕಿತ್ತು ಹಾಕಿದರು. ಬೇರು ಆಳಕ್ಕಿಳಿದಿತ್ತು, ನಾಲ್ಕು ದಿನ ಹಿಡಿಯಿತು. ತಿಂಗಳು ಕಳೆಯುವಷ್ಟರಲ್ಲಿ ಎದೆನೋವು ಬಂದು ತೀರಿಕೊಂಡರು. ಕೈಯಾರೆ ನೆಟ್ಟದ್ದನ್ನು ಕೈಯಾರೆ ಕಿತ್ತದ್ದೇ ಅವರು ಆ ಹೊಲದಲ್ಲಿ ಮಾಡಿದ ಕೊನೆಯ ದೊಡ್ಡ ಕೆಲಸ.

ಆ ವರ್ಷ ಮಳೆ ಮೆಲ್ಲಗೆ ಬಂದು ಹೋಯಿತು. ಈ ವರ್ಷ ಹಾಗಾಗಲಿಲ್ಲ. ಬಿತ್ತಿ ಎರಡು ವಾರವಾಗಿತ್ತು, ಮೊಳಕೆ ಬೆರಳುದ್ದ ಎದ್ದಿತ್ತು. ಒಂದು ಬೆಳಿಗ್ಗೆ ಸತತವಾಗಿ ಮೂರು ಗಂಟೆ ಮಳೆ ಕೊಡ ಬಗ್ಗಿಸಿದ ಹಾಗೆ ಸುರಿಯಿತು. ಬಿಟ್ಟ ಕೂಡಲೇ ಅವನು ತೊಟ್ಟಿಗಳ ಹತ್ತಿರ ಹೋದ. ಯಾವಾಗಲೂ ಬಾಟಲಿ ತುಂಬಿಕೊಂಡು ಕಚೇರಿಗೆ ನಡೆದುಬಿಡುವವನು ಆವತ್ತು ಅಲ್ಲೇ ನಿಲ್ಲಬೇಕಾಯಿತು. ಹುಲ್ಲಿಲ್ಲದ ತಾಕಿನ ತೊಟ್ಟಿಯ ಬಿರಡೆ ಕೆಸರಿನಲ್ಲಿ ಕಚ್ಚಿಕೊಂಡಿತ್ತು. ತೊಟ್ಟಿ ತೊಳೆಯುವ ಹೆಂಗಸು ಸೀರೆ ಮೇಲಕ್ಕೆ ಕಟ್ಟಿ ಒಳಗಿಳಿದು, ಸಲಿಕೆ ಊರಿ ನಿಂತಳು.

"ಇದನ್ನ ಖಾಲಿ ಮಾಡೋಕೆ ಸಂಜೆ ಆಗುತ್ತೆ ಸಾರ್. ಮೂವತ್ತು ಬುಟ್ಟಿ ಮೇಲೇ ಇದೆ."

"ಆ ತೊಟ್ಟೀಲಿ?"

"ಅದರಲ್ಲೇನು, ಐದು ಬುಟ್ಟಿ. ಯಾವಾಗಲೂ ಹಾಗೇ ಅಲ್ವಾ? ಇದರಲ್ಲಿ ಆರು ಅಂದ್ರೆ ಅದರಲ್ಲಿ ಒಂದು."

"ಯಾವಾಗಲೂ ಅಂದ್ರೆ?"

"ನಾನು ಕೆಲಸಕ್ಕೆ ಸೇರಿದಾಗಿನಿಂದ."

"ನನಗ್ಯಾಕೆ ಹೇಳ್ಲಿಲ್ಲ?"

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಳೆಯೋರು ನೀವಲ್ವಾ ಸಾರ್? ನಾನು ತೊಳೆಯೋಳು."

ಅವನು ಬಾಟಲಿಯನ್ನು ಕಟ್ಟೆಯ ಮೇಲಿಟ್ಟು ಗುಡ್ಡ ಬಳಸಿ ನಡೆದ, ಅರ್ಧ ದಾರಿಯಲ್ಲಿ ಓಡಿದ.

ಅಕ್ಕನ ಹೊಲದಲ್ಲಿ ಮೊಳಕೆಯ ಸಾಲುಗಳಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಮೊಣಕಾಲಾಳದ ಕೊರಕಲುಗಳು, ಅವುಗಳ ತಳದಲ್ಲಿ ಬೋಳು ಕಲ್ಲು. ಮಣ್ಣೆಲ್ಲ ಕೆಳಗಿನ ಡಾಂಬರು ರಸ್ತೆಯ ಮೇಲೆ ಹರಡಿಕೊಂಡಿತ್ತು. ಯಂತ್ರವೊಂದು ಅದನ್ನು ಹಳ್ಳದ ಕಡೆ ತಳ್ಳುತ್ತಿತ್ತು. ಯಂತ್ರ ಮುಟ್ಟದ ಅಂಚಿನಲ್ಲಿ ಅಕ್ಕ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಮಣ್ಣು ಬಾಚಿ ಬುಟ್ಟಿಗೆ ತುಂಬುತ್ತಿದ್ದಳು. ಅಷ್ಟು ದೊಡ್ಡ ಹೊಲ, ಅಷ್ಟು ಚಿಕ್ಕ ಬುಟ್ಟಿ. ಅವನಿಗೆ ಕಣ್ಣು ತುಂಬಿ ಬಂತು.

"ಮೇಲಿನವನೇ ಹೀಗೆ ಮಾಡಿದ್ರೆ ಯಾರನ್ನ ಕೇಳೋದು" ಎಂದಳು ಅಕ್ಕ, ತಲೆಯೆತ್ತದೆ. "ಅವರು ಹೋದ್ರು. ಅವರ ಹಿಂದೇನೇ ಹೊಲಾನೂ ಹೋಯ್ತು."

ಸುಮ್ಮನಿದ್ದರೆ ಆಗುತ್ತಿತ್ತು. ಪಾಪವೆಲ್ಲ ಆಕಾಶದ ತಲೆಗೆ ಕಟ್ಟಿ, ಅಕ್ಕನ ಜೊತೆ ನಾಲ್ಕು ಹನಿ ಕಣ್ಣೀರು ಹಾಕಿ, ಅವಳ ಒಳ್ಳೆಯ ತಮ್ಮನಾಗಿಯೇ ಉಳಿಯಬಹುದಿತ್ತು. ಅದಕ್ಕೆ ಅವನ ಮನಸ್ಸೂ ಎಳೆಯಿತು. ಆದರೆ ಬಾಯಿ ತೆರೆದ. ಭುಜ, ಹುಟ್ಟು, ಬಾಟಲಿ, ತಿಳಿನೀರು, ಆರಕ್ಕೆ ಒಂದು ಬುಟ್ಟಿ, ಒಂದನ್ನೂ ಮುಚ್ಚಿಡದೆ ಹೇಳಿದ.

ಅಕ್ಕನ ಕೈ ನಿಂತಿತು.

"ನಿಮ್ಮ ಭಾವ ಆವತ್ತು ನಿನ್ನ ಮಾತು ನಂಬಲಿಲ್ಲ" ಎಂದಳು. "ನೀನು ಹೋದ ಮೇಲೆ, ಇವನ ಬಾಟಲೀಲಿ ಏನೋ ಎಡವಟ್ಟಿದೆ, ಹುಲ್ಲು ಕೀಳೋದು ಬೇಡ ಅಂದ್ರು. ನಾನೇ ಜಗಳಕ್ಕೆ ನಿಂತೆ. ನನ್ನ ತವರಿನೋರು ಅಂದ್ರೆ ನಿಮಗೆ ಯಾವತ್ತೂ ಅಸಡ್ಡೆ ಅಂದೆ. ಎರಡು ದಿನ ಮಾತು ಬಿಟ್ಟೆ. ಮೂರನೇ ದಿನ ಒಂದು ಮಾತೂ ಆಡದೆ ಗುದ್ದಲಿ ತಗೊಂಡು ಹೋದ್ರು."

"ಅಕ್ಕ..."

"ನಿನ್ನನ್ನ ಬೈಯ್ಯಬಹುದು. ಎದುರಿಗಿದೀಯ." ಅವಳು ಮಣ್ಣಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನೀವು ಹೇಳಿದ್ದೇ ಸರಿ ಇತ್ತು ಅಂತ ಈಗ ನಾನು ಯಾರಿಗೆ ಹೇಳಲೋ?"

ಅವನು ಬುಟ್ಟಿಗೆ ಕೈ ಚಾಚಿದ. ಅಕ್ಕ ಅದನ್ನು ತನ್ನ ಕಡೆ ಎಳೆದುಕೊಂಡು, ಸೊಂಟಕ್ಕಿಟ್ಟು, ಕೊರಕಲಿನ ಅಂಚು ಹಿಡಿದು ಒಬ್ಬಳೇ ಗುಡ್ಡ ಹತ್ತತೊಡಗಿದಳು.