ಹುಬ್ಬಳ್ಳಿ ಕಡೆ ಹೊರಟ ಚುಕ್ಕಿ

ನಾನು ಒಂದು ಕ್ರೋಶಾ ಕಡ್ಡಿ. ಹೊಲಿಗೆಯ ಸೂಜಿಗೆ ಕಣ್ಣಿರುತ್ತದೆ, ನನಗಿರುವುದು ಮೂಗು ಮಾತ್ರ, ಅದೂ ಕೊಕ್ಕೆಯಂತೆ ಬಾಗಿದ ಮೂಗು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುತ್ತಾರಲ್ಲ, ನನ್ನ ಮಟ್ಟಿಗೆ ಅದು ನಿಜ. ಯಾರಾದರೂ ನನ್ನನ್ನು ಸೂಜಿ ಎಂದು ಕರೆದರೆ ಮೈಯೆಲ್ಲ ಉರಿಯುತ್ತದೆ. ಸೂಜಿ ಬಟ್ಟೆಯನ್ನು ಚುಚ್ಚಿ ತೂತು ಮಾಡುತ್ತದೆ. ನಾನು ಬರಿಯ ದಾರ ಹಿಡಿದು, ತೂತಿನ ಪಕ್ಕ ತೂತು ಹೆಣೆದು, ಬಟ್ಟೆಯನ್ನೇ ಮಾಡುತ್ತೇನೆ.

ಹುಟ್ಟಿದ್ದು ಬೆಟಗೇರಿಯ ಮಕ್ತುಂಸಾಬರ ಸೈಕಲ್ ಅಂಗಡಿಯಲ್ಲಿ. ಅದಕ್ಕೆ ಮೊದಲು ನಾನು ಒಂದು ಸೈಕಲ್ಲಿನ ಹಿಂದಿನ ಚಕ್ರದ ಕಡ್ಡಿಯಾಗಿದ್ದೆ. ಚಕ್ರ ಎತ್ತಿನ ಬಂಡಿಗೆ ಸಿಕ್ಕು ಸೊಟ್ಟಗಾದ ಮೇಲೆ ನಮ್ಮನ್ನೆಲ್ಲ ಬಿಚ್ಚಿ ಒಂದು ಡಬ್ಬಿಗೆ ಎಸೆದಿದ್ದರು. ಡಿಸೆಂಬರ್ ತಿಂಗಳ ಒಂದು ದಿನ ಮಾರ್ಥಮ್ಮ ಬಂದಳು. ಅವಳು ಮಿಷನ್ ಕಾಂಪೌಂಡಿನವಳು, ಕ್ರೋಶಾ ಹೆಣೆಯುವುದರಲ್ಲಿ ಅಲ್ಲಿನ ಇಡೀ ಕ್ರೈಸ್ತ ಸಭೆಗೇ ಹೆಸರಾದವಳು.

"ಸಾಬರ, ನನ್ನ ಕಡ್ಡಿ ಮುರೀತ್ರಿ. ಕ್ರಿಸ್‌ಮಸ್ ಬಾಗಿಲಿಗೆ ಬಂದು ನಿಂತೈತಿ. ಏನರ ಮಾಡ್ರಿ."

"ಸೈಕಲ್ ರಿಪೇರಿ ಮಾಡಾವಗ ಲೇಸ್ ಕೆಲಸ ಹೇಳ್ತಿಯಲ್ಲವಾ!" ಎಂದು ನಕ್ಕರು ಸಾಬರು. ನಕ್ಕರೂ ನನ್ನನ್ನು ಎತ್ತಿಕೊಂಡರು. ತುದಿಯನ್ನು ಅರದಿಂದ ತಿಕ್ಕಿದರು, ಬಾಗಿಸಿದರು, ತುಟಿಗೆ ಸವರಿ ನುಣುಪು ನೋಡಿದರು. ಪಕ್ಕದ ನೇಕಾರರ ಮನೆಯಿಂದ ಮುರಿದ ಲಾಳಿಯ ಚೂರು ತಂದು ನನಗೆ ಹಿಡಿ ಕೂರಿಸಿದರು. ಹೀಗೆ ನನ್ನ ತಾಯಿಯ ಕಡೆ ಸೈಕಲ್, ತಂದೆಯ ಕಡೆ ಮಗ್ಗ. ತಿರುಗುವುದೂ ಗೊತ್ತು, ನೇಯುವುದೂ ಗೊತ್ತು. ಇಂಥ ಮನೆತನ ಅಂಗಡಿಯಲ್ಲಿ ಸಿಗುವ ಬಣ್ಣದ ಕಡ್ಡಿಗಳಿಗೆ ಎಲ್ಲಿಂದ ಬರಬೇಕು?

ಬೇರೆ ವಸ್ತುಗಳು ತಮ್ಮ ಒಡೆಯರನ್ನು ಕೆಳಗಿನಿಂದ ನೋಡುತ್ತವಂತೆ. ನಾನು ಮೇಲಿನಿಂದ ನೋಡಿದೆ. ಹೆಣಿಕೆ ಮುಗಿದೊಡನೆ ಮಾರ್ಥಮ್ಮ ನನ್ನನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. ಸಂತೆಗೆ ಹೋದರೂ ನಾನು ತುರುಬಿನಲ್ಲಿ, ಪ್ರಾರ್ಥನೆಗೆ ಹೋದರೂ ತುರುಬಿನಲ್ಲಿ. ಸಭಾಪಾಲಕರ ಉಪದೇಶ ಉದ್ದವಾದಾಗ ಅವಳ ತಲೆ ತೂಗಿ ನಾನು ಜಾರುವಂತಾಗುತ್ತಿತ್ತು. ಆ ಗುಟ್ಟನ್ನು ನಾನು ಇಂದಿಗೂ ಯಾರಿಗೂ ಹೇಳಿಲ್ಲ, ನಿಮಗೆ ಬಿಟ್ಟು.

ಚಳಿ ಬಿದ್ದಿತೆಂದರೆ ನಮಗೆ ಪುರಸೊತ್ತು ಇರಲಿಲ್ಲ. ಕೂಸುಗಳಿಗೆ ಕುಂಚಿಗೆ, ನೀರಿನ ತಂಬಿಗೆಗೆ ಮಣಿ ಕಟ್ಟಿದ ಮುಸುಕು, ರೇಡಿಯೊಗೆ ಒಂದು ಅಂಗಿ. ಒಲೆಯ ಮೇಲೆ ಕರ್ಚಿಕಾಯಿ ಕರಿಯುತ್ತ ಕರಿಯುತ್ತ ಮಾರ್ಥಮ್ಮ ನಡುವೆ ಕೈ ಒರೆಸಿಕೊಂಡು ಒಂದು ಸುತ್ತು ಹೆಣೆಯುತ್ತಿದ್ದಳು. ಆ ಮನೆಯ ಲೇಸಿಗೆಲ್ಲ ಎಳ್ಳು ಬೆಲ್ಲದ ವಾಸನೆ ಇರುತ್ತಿತ್ತು.

ಇವೆಲ್ಲ ಚಿಲ್ಲರೆ ಕೆಲಸ. ದೊಡ್ಡ ಕೆಲಸ ದೇವಾಲಯದ ಪವಿತ್ರ ಮೇಜಿನ ಬಟ್ಟೆ. ಪ್ರತಿ ಕ್ರಿಸ್‌ಮಸ್‌ಗೆ ಅದು ಹೊಸದಾಗಿಯೇ ಆಗಬೇಕು. ಹಳೆಯದನ್ನು ಇಟ್ಟುಕೊಳ್ಳುವ ರೂಢಿ ಅಲ್ಲಿರಲಿಲ್ಲ. ಹೊಸ ವರ್ಷದಲ್ಲಿ ಯಾವ ಕೂಸಿಗೆ ಮೊದಲು ದೀಕ್ಷಾಸ್ನಾನವೋ ಆ ಕೂಸನ್ನು ಅದರಲ್ಲಿ ಸುತ್ತಿ ಕೊಟ್ಟುಬಿಡುತ್ತಿದ್ದರು. ಮಾರ್ಥಮ್ಮನ ಅಜ್ಜಿಯ ಕಾಲದಿಂದಲೂ ಆ ಬಟ್ಟೆ ಅವಳ ಮನೆತನದ ಕೈಯಲ್ಲೇ ಆಗುತ್ತಿತ್ತು.

ಬಟ್ಟೆಯ ನಡುವೆ ಶಿಲುಬೆ. ಎಡಮೂಲೆ ಬಲಮೂಲೆಗೆ ಒಂದೊಂದು ಬಾಲದ ಚುಕ್ಕಿ, ಅಂದರೆ ಬೆತ್ಲೆಹೇಮಿಗೆ ಹೊರಟ ಜ್ಞಾನಿಗಳಿಗೆ ದಾರಿ ತೋರಿಸಿದ ನಕ್ಷತ್ರ. ಮೊದಲು ದಾರದ ಉಂಗುರ, ಅದರ ಸುತ್ತ ಕುಣಿಕೆಗಳ ಸರಪಳಿ, ಸರಪಳಿಯ ಮೇಲೆ ಕಂಬ, ಕಂಬಗಳ ಮೇಲೆ ಉಬ್ಬಿದ ಎಸಳು. ಕೊನೆಯ ಎಸಳಿನಿಂದ ಒಂದು ಬಾಲ ಹೊರಟು ಓರೆಯಾಗಿ ಕೆಳಕ್ಕೆ ಬಾಗಬೇಕು. ಆಮೇಲೆ ಅಕ್ಕಿಯ ಗಂಜಿಯಲ್ಲಿ ಅದ್ದಿ, ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ ಹಿಗ್ಗಿಸಿ, ಬಿಸಿಲಿಗಿಡಬೇಕು.

ಬಲಗೈಯವರು ಸುತ್ತು ಹಾಕುವುದು ಒಂದೇ ದಿಕ್ಕಿಗೆ. ಹಾಗಾಗಿ ಎರಡರ ಬಾಲವೂ ಒಂದೇ ಪಕ್ಕಕ್ಕೆ ಬಾಗಿ, ಎರಡೂ ಚುಕ್ಕಿ ಒಂದೇ ಕಡೆಗೆ ಮುಖ ಮಾಡುತ್ತಿದ್ದವು. ಬಲಮೂಲೆಯದು ಶಿಲುಬೆಯತ್ತ ಹೊರಟರೆ ಎಡಮೂಲೆಯದು ಶಿಲುಬೆಗೆ ಬೆನ್ನು ತಿರುಗಿಸಿ ಕಿಟಕಿಯತ್ತ ಹೊರಟಿರುತ್ತಿತ್ತು. "ಒಂದು ಚುಕ್ಕಿ ಬೆತ್ಲೆಹೇಮಿಗೆ, ಇನ್ನೊಂದು ಹುಬ್ಬಳ್ಳಿಗೆ" ಎಂದು ಸಭೆಯವರು ನಗುತ್ತಿದ್ದರು. ಮಗುಚಿ ಹಾಕಿದರೆ ಎಸಳು ಒಳಗೆ ಹೋಗಿ ಗಂಟೆಲ್ಲ ಹೊರಗೆ ಕಾಣುತ್ತಿತ್ತು. ತಲೆಕೆಳಗು ಮಾಡಿದರೆ ಬಾಲ ಆಕಾಶಕ್ಕೆ ನಿಲ್ಲುತ್ತಿತ್ತು. "ನಮ್ಮವ್ವ ಹಂಗ ಹಾಕತಿದ್ಲು, ನಾನೂ ಹಂಗ ಹಾಕತೀನಿ" ಎನ್ನುತ್ತಿದ್ದಳು ಮಾರ್ಥಮ್ಮ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ವರ್ಷಗಳು ಉರುಳಿದವು. ಅವಳ ಹೆಬ್ಬೆಟ್ಟು ಕೂತು ಕೂತು ನನ್ನ ಮರದ ಹಿಡಿಯಲ್ಲಿ ಒಂದು ತಗ್ಗು ಬಿದ್ದಿತು. ಅವಳ ಮಗ ಸತ್ಯಾನಂದನಿಗೆ ಮದುವೆಯಾಗಿ ಸೊಸೆ ಜಯಶೀಲಾ ಮನೆಗೆ ಬಂದಳು. ನಗುಮೊಗದ ಹುಡುಗಿ, ಕೆಲಸದಲ್ಲಿ ಚುರುಕು. ಆದರೆ ಎಡಚಿ.

ಮಾರ್ಥಮ್ಮ ಅವಳ ಬಲಗೈಗೆ ನನ್ನನ್ನು ತುರುಕಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ನೋಡಿದಳು. ಆ ದಿನಗಳನ್ನು ನೆನೆದರೆ ನನಗೆ ಈಗಲೂ ಸಂಕಟ. ಸರಪಳಿ ಹಗ್ಗವಾಯಿತು, ಹಗ್ಗ ಗಂಟಾಯಿತು, ಗಂಟಿನಲ್ಲಿ ನನ್ನ ಮೂಗು ಸಿಕ್ಕಿಕೊಂಡಿತು. "ನಿನಗ ಇದು ಒಲಿಯಂಗಿಲ್ಲ ಬಿಡು" ಎಂದು ಮಾರ್ಥಮ್ಮ ನನ್ನನ್ನು ಕಸಿದುಕೊಂಡು ತುರುಬಿಗೆ ಏರಿಸಿದಳು.

ಜಯಶೀಲಾ ಸುಮ್ಮನಿರುವವಳಲ್ಲ. ಅತ್ತೆ ಹೆಣೆಯಲು ಕೂತಾಗ ತಾನು ಬೆಳ್ಳುಳ್ಳಿ ಸುಲಿಯುವ ನೆವದಲ್ಲಿ ಎದುರು ಬಂದು ಕೂರುತ್ತಿದ್ದಳು. ಎದುರಿನಿಂದ ನೋಡಿದರೆ ಬಲಗೈಯ ಆಟ ಎಡಗೈಗೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ತವರಿನಿಂದ ತಂದ ದಪ್ಪ ಕಡ್ಡಿಯಲ್ಲಿ ಅವಳು ಎಡಗೈಯಿಂದಲೇ ಪುಟ್ಟ ಪುಟ್ಟ ಚುಕ್ಕಿ ಹೆಣೆದು ಮನೆಯ ಕ್ರಿಸ್‌ಮಸ್ ಗಿಡಕ್ಕೆ ತೂಗು ಹಾಕಿದಳು. ಗಟ್ಟಿಯಾಗಿ ನಿಲ್ಲಲೆಂದು ಗಂಜಿಯ ಬದಲು ಸಕ್ಕರೆ ಪಾಕದಲ್ಲಿ ಅದ್ದಿದ್ದಳು. ಹಬ್ಬದ ಬೆಳಿಗ್ಗೆ ನೋಡಿದರೆ ಗಿಡದ ತುಂಬ ಇರುವೆ!

"ಜ್ಞಾನಿಗಳು ಬರಬೇಕಾದಲ್ಲಿ ಇರಿವಿ ಬಂದಾವಲ್ಲವಾ" ಎಂದು ಮಾರ್ಥಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಯಶೀಲಾ ಕೂಡ ನಕ್ಕಳು. ಆದರೆ ಪವಿತ್ರ ಮೇಜಿನ ಮಾತು ಬಂದಾಗ ಮಾರ್ಥಮ್ಮನಿಗೆ ನಗು ಇರಲಿಲ್ಲ. "ಮನಿ ಗಿಡಕ್ಕ ಏನರ ಹಾಕು. ದೇವರ ಮೇಜಿನ ಬಟ್ಟಿಗೆ ಎಡಗೈ ಬ್ಯಾಡ." ಮುಂದೆ ತನ್ನ ಮನೆಯಲ್ಲಿ ಈ ಬಟ್ಟೆ ಹೆಣೆಯುವವರೇ ಇಲ್ಲವಲ್ಲ ಎಂಬ ಚಿಂತೆ ಅವಳಿಗೆ ಇದ್ದೇ ಇತ್ತು. ತುರುಬಿನಲ್ಲಿರುವವರಿಗೆ ತಲೆಯೊಳಗಿನ ಚಿಂತೆ ತಿಳಿಯುತ್ತದೆ.

ಮರುವರ್ಷ, ಹಬ್ಬ ಇನ್ನೇನು ಬಂತು ಎನ್ನುವಾಗ, ಪಡಸಾಲೆಯಲ್ಲಿ ಕಾಗದದ ನಕ್ಷತ್ರದ ಗೂಡುದೀಪ ಕಟ್ಟಲು ಮಾರ್ಥಮ್ಮ ಸ್ಟೂಲು ಹತ್ತಿದಳು. ಸ್ಟೂಲು ಜಾರಿತು. ನಾನು ತುರುಬಿನಿಂದ ಹಾರಿ ಗುಲಾಬಿ ಕುಂಡದಲ್ಲಿ ಬಿದ್ದೆ, ಅವಳು ಬಲಗೈ ಊರಿ ಬಿದ್ದಳು. ಮಣಿಕಟ್ಟು ಮುರಿದು ಮೊಣಕೈವರೆಗೆ ಪ್ಲಾಸ್ಟರ್ ಬಂತು. ಮೇಜಿನ ಬಟ್ಟೆಗೆ ಶಿಲುಬೆ ಆಗಿತ್ತು, ಬಲಮೂಲೆಯ ಚುಕ್ಕಿ ಆಗಿತ್ತು. ಎಡಮೂಲೆ ಖಾಲಿ.

ಸಭಾಪಾಲಕರ ಹೆಂಡತಿ ನೋಡಲು ಬಂದರು. "ಚಿಂತಿ ಮಾಡಬ್ಯಾಡ್ರಿ ಮಾರ್ಥಮ್ಮ. ಈ ಸರ್ತಿ ಅಂಗಡಿಯಾಗಿನ ಲೇಸ್ ತಂದು ಹಚ್ಚಿಬಿಡೂಣು" ಎಂದರು ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅವರು ಹೋದ ಮೇಲೆ ಮಾರ್ಥಮ್ಮ ಗೋಡೆ ಕಡೆ ತಿರುಗಿ ಮಲಗಿದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತುಂಬು ಬಸುರಿ ಜಯಶೀಲಾ ಗಂಜಿಯ ಬಟ್ಟಲು ಹಿಡಿದು ಬಂದು ಮಂಚದ ಅಂಚಿನಲ್ಲಿ ಕೂತು ಒಂದೊಂದೇ ಚಮಚೆ ಕುಡಿಸಿದಳು. ನಡುವೆ ಕೈ ನಿಲ್ಲಿಸಿದಳು.

"ಅತ್ತಿ, ಒಂದು ಮಾತು ಕೇಳ್ಲ್ಯಾ?"

"ಕೇಳು."

"ಈ ಎಡಗೈಲೇನ ನಿಮಗ ಗಂಜಿ ಕುಡಸಾಕತ್ತೀನಿ. ನಿಮ್ಮ ತಲಿ ಬಾಚೂದೂ ಇದ ಕೈ. ಇದೆಲ್ಲಾ ನಡೀತೈತಿ, ಅದೊಂದು ನಡ್ಯಂಗಿಲ್ಲೇನ್ರಿ?"

ಮಾರ್ಥಮ್ಮ ಬಾಯಲ್ಲಿದ್ದ ಗಂಜಿ ನುಂಗಿದಳು. ಸೊಸೆಯ ಎಡಗೈಯನ್ನೇ ನೋಡಿದಳು. ಆಮೇಲೆ ತಾನೂ ತನ್ನ ಎಡಗೈಯಿಂದಲೇ, ಅವಳಿಗೆ ಉಳಿದದ್ದು ಅದೊಂದೇ, ಕುಂಡದಿಂದ ಹೆಕ್ಕಿಸಿ ದಿಂಬಿನ ಕೆಳಗಿಟ್ಟುಕೊಂಡಿದ್ದ ನನ್ನನ್ನು ತೆಗೆದು ಕೊಟ್ಟಳು. "ಕೆಡಿಸಿದಿ ಅಂದ್ರ ನೋಡು ಮತ್ತ" ಎಂದಳು.

ಎಡಗೈಗೆ ಹೋದ ಮೊದಲ ದಿನ ನನಗೆ ತಲೆ ತಿರುಗಿತು, ಉಲ್ಟಾ ಅಂಗಿ ತೊಟ್ಟಂತೆ. ಹಿಡಿಯ ತಗ್ಗು ಒಂದು ಕಡೆ, ಅವಳ ಹೆಬ್ಬೆಟ್ಟು ಇನ್ನೊಂದು ಕಡೆ. ಆದರೆ ಆ ಬೆರಳುಗಳಲ್ಲಿ ಗಡಿಬಿಡಿ ಇರಲಿಲ್ಲ. ಮಂಚದ ಮೇಲಿಂದ ಮಾರ್ಥಮ್ಮ ಹಾಡಿನಂತೆ ಹೇಳುತ್ತಿದ್ದಳು: "ಸರಪಳಿ ಮೂರು, ಕಂಬ ಎರಡು, ಬಿಟ್ಟು ಹಿಡಿ, ಹಿಡಿದು ಬಿಡು." ಅವಳ ಅವ್ವ ಅವಳಿಗೆ ಹೇಳಿಕೊಟ್ಟದ್ದೂ ಹೀಗೆಯೇ, ಬಾಯಿಂದ ಬಾಯಿಗೆ. ಎದುರು ಕೂತ ಸೊಸೆ ಹೆಣೆಯುತ್ತ ಹೋದಳು. ಎರಡೇ ದಿನಕ್ಕೆ ನಾನೂ ಆ ಕೈಗೆ ಒಗ್ಗಿಕೊಂಡೆ. ಒಪ್ಪಿಕೊಳ್ಳಲು ನಾಚಿಕೆಯಿಲ್ಲ, ಹುಡುಗಿಯ ಕೈ ಬಹಳ ಹಿತವಾಗಿತ್ತು.

ಹಬ್ಬದ ಮುನ್ನಾದಿನ ಗಂಜಿ ಒಣಗಿತು. ಗುಂಡುಸೂಜಿ ಕಿತ್ತು ಎತ್ತಿದಾಗ ಜಯಶೀಲಾಳ ಮುಖ ಬಿಳುಪೇರಿತು. ಎಸಳು ಸರಿಯಾಗಿತ್ತು, ಉಬ್ಬು ಸರಿಯಾಗಿತ್ತು, ಬಾಲ ಮಾತ್ರ ಇಷ್ಟು ವರ್ಷ ಯಾವ ಕಡೆಗೆ ಬಾಗುತ್ತಿತ್ತೋ ಅದರ ವಿರುದ್ಧ ಕಡೆಗೆ ಬಾಗಿತ್ತು. ಬಲಗೈಯ ಹಾಡಿಗೆ ಎಡಗೈ ಸುತ್ತು ಹಾಕಿದರೆ ಇನ್ನೇನಾಗುತ್ತದೆ?

"ಅತ್ತಿ, ಉಲ್ಟಾ ಆತ್ರಿ" ಎಂದಳು, ಅಳು ಬರುವಂತಾಗಿ.

"ಎಲ್ಲಿ, ತಾ ಇಲ್ಲೆ."

ಬಿಚ್ಚಿ ಮತ್ತೆ ಹೆಣೆಯಲು ಸಮಯವಿರಲಿಲ್ಲ. ಸತ್ಯಾನಂದ ಬಟ್ಟೆಯನ್ನು ಅವ್ವನ ಮಂಚದ ಮೇಲೆ ಹರವಿದ. ಜಯಶೀಲಾ ಚುಕ್ಕಿಯನ್ನು ಎಡಮೂಲೆಯಲ್ಲಿಟ್ಟು ಕಣ್ಣು ಮುಚ್ಚಿಕೊಂಡಳು.

ಬಲಮೂಲೆಯ ಚುಕ್ಕಿ ಎಂದಿನಂತೆ ಶಿಲುಬೆಯತ್ತ ಹೊರಟಿತ್ತು. ಎಡಮೂಲೆಯ ಚುಕ್ಕಿಯೂ ಶಿಲುಬೆಯತ್ತಲೇ ಹೊರಟಿತ್ತು. ಎರಡೂ ಎದುರುಬದುರಾಗಿ, ಕರೆದವರ ಮನೆಗೆ ಎರಡು ಬೀದಿಯಿಂದ ಬರುವ ನೆಂಟರಂತೆ.

ಮಾರ್ಥಮ್ಮ ನಗಲು ಶುರು ಮಾಡಿದಳು. ಇರುವೆಯ ದಿನ ನಕ್ಕದ್ದಕ್ಕಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು. "ಯವ್ವಾ, ನಮ್ಮಜ್ಜಿ, ನಮ್ಮವ್ವ, ನಾ, ಎಲ್ಲಾರೂ ಕೂಡಿ ಒಂದು ಚುಕ್ಕಿ ಹುಬ್ಬಳ್ಳಿಗೆ ಕಳಸ್ತಿದ್ವಿ. ನೀ ಅದನ್ನ ತಿರುಗಿಸಿ ಮನಿಗೆ ಕರ್ಕೊಂಡು ಬಂದಿ ನೋಡು!" ಎಂದು ಸೊಸೆಯ ಎಡಗೈಯನ್ನು ಎಳೆದುಕೊಂಡು ಮುತ್ತಿಟ್ಟಳು.

ಮರುದಿನ ಜಯಶೀಲಾ ಅತ್ತೆಗೆ ತುರುಬು ಕಟ್ಟಿ ನನ್ನನ್ನು ಸಿಕ್ಕಿಸಿದಳು. ದೇವಾಲಯದಲ್ಲಿ ಜನ ಹಾಡು ಮರೆತು ಮೇಜನ್ನೇ ನೋಡುತ್ತಿದ್ದರು. ಮುಂದಿನ ಸಾಲಿನ ಒಬ್ಬ ಮುದುಕ ಪಕ್ಕದವನಿಗೆ, "ಹುಬ್ಬಳ್ಳಿ ಗಾಡಿ ಈ ವರ್ಷ ರದ್ದಾತು" ಎಂದ. ನನ್ನ ಕೆಳಗೆ ಮಾರ್ಥಮ್ಮನ ತಲೆ ಆ ದಿನ ಒಮ್ಮೆಯೂ ತೂಗಲಿಲ್ಲ.

ಹೊಸ ವರ್ಷದಲ್ಲಿ ಆ ಬಟ್ಟೆಯಲ್ಲಿ ಸುತ್ತಿಸಿಕೊಂಡ ಕೂಸು ಯಾರದೆಂದು ಊಹಿಸಬಲ್ಲಿರಾ? ಜಯಶೀಲಾಳ ಮಗಳು ಎಸ್ತೇರ್. ಆಮೇಲೆ ಪ್ರತಿ ವರ್ಷವೂ ಬಲಮೂಲೆಯ ಚುಕ್ಕಿ ಅತ್ತೆಯದು, ಎಡಮೂಲೆಯದು ಸೊಸೆಯದು. ನಾನು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುತ್ತಿದ್ದೆ. ನನ್ನ ಹಿಡಿಯ ಇನ್ನೊಂದು ಬದಿಯಲ್ಲೂ ಒಂದು ತಗ್ಗು ಬಿದ್ದಿತು.

ಈಗ ನನಗೆ ವಯಸ್ಸಾಗಿದೆ. ಮೂಗು ಸವೆದಿದೆ, ಸಣ್ಣ ದಾರ ಹಿಡಿದರೆ ಎಳೆ ಸೀಳುತ್ತದೆ. ವರ್ಷವೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ಗುಂಡಿ, ರಿಬ್ಬನ್ನುಗಳ ಜೊತೆ ಮಲಗಿರುತ್ತೇನೆ. ಕಾಲೇಜಿಗೆ ಹೋಗುವ ಎಸ್ತೇರ್ ಬಣ್ಣಬಣ್ಣದ ಹೊಸ ಕಡ್ಡಿಗಳ ಒಂದು ಕಟ್ಟನ್ನೇ ತರಿಸಿದ್ದಾಳೆ. ಅವುಗಳ ಜೊತೆ ನಾನು ಮಾತಾಡುವುದಿಲ್ಲ. ಮಾರ್ಥಮ್ಮನ ಕೈ ಈಗ ನಡುಗುತ್ತದೆ. ಈ ವರ್ಷ ಅವಳ ಚುಕ್ಕಿ ಅರ್ಧಕ್ಕೇ ನಿಂತಾಗ ಬಲಮೂಲೆ ಖಾಲಿಯಾಯಿತು ಎಂದುಕೊಂಡೆ. ನನ್ನ ಕಥೆಯೂ ಮುಗಿಯಿತು ಎಂದುಕೊಂಡೆ.

ಎಸ್ತೇರ್ ಬಲಗೈಯವಳು. ಜಯಶೀಲಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ಹೋದಳು. ಸರಪಳಿ ಗಂಟಾಯಿತು. ಮಂಚದ ಮೇಲಿಂದ ಮಾರ್ಥಮ್ಮ ನಕ್ಕಳು.

"ನಾ ಮಾಡಿದ ತಪ್ಪನ್ನ ನೀನೂ ಮಾಡಾಕತ್ತಿ ಅಲ್ಲವಾ! ಎದುರು ಕೂಡು, ಎದುರು."

ಜಯಶೀಲಾ ಎದುರು ಹೋಗಿ ಕೂತಳು. ಮಾರ್ಥಮ್ಮ ಮೊಮ್ಮಗಳನ್ನು ಹತ್ತಿರ ಕರೆದು, ಅವಳ ಕೈಯಲ್ಲಿದ್ದ ಬಣ್ಣದ ಕಡ್ಡಿ ತೆಗೆದಿಟ್ಟು, ಡಬ್ಬಿಯಿಂದ ನನ್ನನ್ನು ಎತ್ತಿದಳು. ಆ ಹುಡುಗಿಯ ಹೆಬ್ಬೆಟ್ಟು ಹಿಡಿದು ಹಳೆಯ ತಗ್ಗಿನಲ್ಲಿ ಇಟ್ಟಳು.

"ಅದು ನನ್ನ ಜಾಗಾ. ಇನ್ನ ನಿಂದು."

ಚುಕ್ಕಿ ಸ್ವಲ್ಪ ಸೊಟ್ಟಗಾಯಿತು, ಒಂದು ಎಸಳು ಮುದುಡಿತು. ನಾನೂ ಅಲ್ಲಲ್ಲಿ ಎಳೆ ಸೀಳಿದೆ. ಗಂಜಿ ಒಣಗಿದ ಮೇಲೆ ಬಟ್ಟೆಯನ್ನು ಮಂಚದ ಮೇಲೆ ಹರವಿದರು. ಮಾರ್ಥಮ್ಮನಿಗೆ ಈಗ ಕಣ್ಣು ಅಷ್ಟಾಗಿ ಕಾಣುವುದಿಲ್ಲ.

"ಎಸ್ತೇರಾ, ನಿನ್ನ ಚುಕ್ಕಿ ಯಾ ಕಡೆ ಹೊಂಟೈತಿ ಹೇಳು."

"ಮನಿಗೇ ಹೊಂಟೈತಿ, ಅಜ್ಜಿ."

ಮಾರ್ಥಮ್ಮ ಬೆರಳಿನಿಂದ ತಡವಿ ನೋಡಿ, ಹೌದೆಂದು ತಲೆಯಾಡಿಸಿದಳು. ಎಸ್ತೇರ್ ನನ್ನನ್ನು ಡಬ್ಬಿಗೆ ಹಾಕಲು ಹೊರಟವಳು, ಏನೋ ನೆನೆದು, ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.